ಎಡಗಡೆ ಟೈವೊ, ಬಲಗಡೆ ಕೆಹಿಂಡೆ

ಅವೆರೊಳ ಮನೆಯಲ್ಲಿ ಏನೇ ಅಡುಗೆ ಮಾಡಿದರೂ ಮೊದಲ ತುತ್ತು ಟೈವೊಳದು. ಅವಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, "ಹೂಂ, ಚೆನ್ನಾಗಿದೆ" ಎಂದ ಮೇಲೆಯೇ ಕೆಹಿಂಡೆ ತನ್ನ ತಟ್ಟೆಗೆ ಕೈ ಹಾಕುತ್ತಿದ್ದಳು. ಇಬ್ಬರೂ ಅವೆರೊಳ ಒಂದೇ ಬಸಿರಿನವರು, ಕಾಲು ಗಂಟೆಯ ಅಂತರದಲ್ಲಿ ಹುಟ್ಟಿದವರು. ಅವೆರೊಳ ಅತ್ತೆ ಹೇಳುವ ಪ್ರಕಾರ ಅವಳಿಗಳಲ್ಲಿ ಹಿಂದೆ ಬಂದವಳೇ ದೊಡ್ಡವಳು. "ನೀನು ಮುಂದೆ ಹೋಗಿ ಲೋಕದ ರುಚಿ ನೋಡು, ಚೆನ್ನಾಗಿದ್ದರೆ ಕೂಗು, ಆಮೇಲೆ ನಾನು ಬರ್ತೀನಿ" ಎಂದು ಹೊಟ್ಟೆಯೊಳಗಿನಿಂದಲೇ ಟೈವೊಳನ್ನು ಅಟ್ಟುತ್ತಾಳಂತೆ. ಊರಿನ ಎಲ್ಲ ಅವಳಿಗಳಿಗೂ ಇವೇ ಎರಡು ಹೆಸರು, ಇದೇ ಕತೆ. ಆದರೆ ಕತೆಯನ್ನು ಇಷ್ಟು ನಿಯತ್ತಿನಿಂದ ನಡೆಸಿದ ಮಕ್ಕಳು ಬೇರೆ ಇರಲಿಲ್ಲ.

ಆ ವರ್ಷ ಉತ್ತರದ ಒಣಗಾಳಿ ಧೂಳು ಹೊತ್ತು ಬಂದ ತಿಂಗಳಲ್ಲಿ ಇಬ್ಬರಿಗೂ ದಡಾರ ಎದ್ದಿತು. ಹತ್ತು ದಿನದ ಮೇಲೆ ಕೆಹಿಂಡೆ ಎದ್ದು ಕೂತಳು. ಟೈವೊ ಏಳಲಿಲ್ಲ.

ಅವಳಿ ಮಗು ಸತ್ತರೆ ಸತ್ತಿತು ಎನ್ನುವಂತಿಲ್ಲ. ಆ ಮಾತು ಕಿವಿಗೆ ಬಿದ್ದರೆ ಉಳಿದದ್ದೂ ಬೆನ್ನ ಹಿಂದೆಯೇ ಹೊರಡುತ್ತದೆ ಎಂಬ ಭಯ. ದೊಡ್ಡ ಪಟ್ಟಣ ಲಾಗೋಸಿಗೆ ಹೋಗಿದೆ ಎನ್ನಬೇಕು. ಅತ್ತೆ ಹಾಗೆಂದಳು, ನೆರೆಹೊರೆಯವರು ಹಾಗೆಂದರು, ಅವೆರೊ ಕೂಡ ಕಣ್ಣೀರು ನುಂಗಿಕೊಂಡು ಮಗಳ ಎದುರು ಹಾಗೆಯೇ ಅಂದಳು. ಐದು ವರ್ಷದ ಕೆಹಿಂಡೆ ಎಲ್ಲರನ್ನೂ ನಂಬಿದಳು. ಲಾಗೋಸಿಗೆ ಹೋದವರು ಸಂಜೆಯ ಬಸ್ಸಿನಲ್ಲಿ ವಾಪಸು ಬಂದು ಇಳಿಯುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ? ಟೈವೊ ಬರಲಿ, ಬಂದು ರುಚಿ ನೋಡಲಿ ಎಂದು ತಟ್ಟೆಯ ಮುಂದೆ ಕೈ ಕಟ್ಟಿಕೊಂಡು ಕೂತಳು.

ಮೊದಲ ವಾರ ಎಲ್ಲರೂ ದಡಾರದ ಮಿಕ್ಕ ನಂಜು ಎಂದುಕೊಂಡರು. ಎರಡನೆಯ ವಾರಕ್ಕೆ ಅವೆರೊಗೆ ವಿಷಯ ಅರ್ಥವಾಯಿತು. ಅವಳು ಮೀನು ಹುರಿದಳು, ಬಾಳೆಹಣ್ಣು ಕರಿದಳು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ತಾನು ಮಾರುವ ಅಕರಾ ವಡೆಗಳಲ್ಲಿ ಗರಿಗರಿಯಾದದ್ದನ್ನೇ ಆರಿಸಿ ತಂದಳು. ಕೆಹಿಂಡೆ ಎಲ್ಲವನ್ನೂ ನೋಡಿ, "ಟೈವೊ ಇನ್ನೂ ತಿಂದಿಲ್ಲ" ಎನ್ನುತ್ತಿದ್ದಳು. ಹಟವಿಲ್ಲ, ಅಳುವಿಲ್ಲ. ಅತ್ತರೆ ಎರಡು ಬಾರಿಸಿಯಾದರೂ ತಿನ್ನಿಸಬಹುದಿತ್ತು. ನಿದ್ದೆಗಣ್ಣಿನಲ್ಲಿ ಚಮಚದಿಂದ ಮೆಕ್ಕೆಜೋಳದ ಗಂಜಿ ಹಾಕಿದರೆ ನುಂಗುತ್ತಿದ್ದಳು. ಮಗು ಬದುಕಿದ್ದದ್ದು ಆ ಗಂಜಿಯ ಮೇಲೆ. ಮೂರನೆಯ ವಾರ ಸ್ನಾನ ಮಾಡಿಸುವಾಗ ಬೆನ್ನಿನ ಮೂಳೆಗಳು ಒಂದೊಂದಾಗಿ ಅವೆರೊಳ ಕೈಗೆ ಸಿಕ್ಕಿದವು.

ಅತ್ತೆಯ ಬಳಿ ಇದಕ್ಕೆ ಮದ್ದು ಮೊದಲಿನಿಂದಲೂ ಸಿದ್ಧವಾಗಿತ್ತು. ಅವಳ ಕಾಲದಲ್ಲಾದರೆ ಹೋದ ಮಗುವಿನ ಹೆಸರಲ್ಲಿ ಬಡಗಿಯಿಂದ ಒಂದು ಮರದ ಗೊಂಬೆ ಕೆತ್ತಿಸಿ, ಅದಕ್ಕೆ ನೀರೆರೆದು, ಉಣಿಸಿ, ಉಳಿದ ಮಗುವಿನ ಪಕ್ಕದಲ್ಲೇ ಮಲಗಿಸುತ್ತಿದ್ದರು. ಚರ್ಚಿನ ಪಾದ್ರಿ ಗೊಂಬೆ ಬೇಡ ಎಂದು ಕಟ್ಟಪ್ಪಣೆ ಮಾಡಿದ ಮೇಲೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಊರಿನವರು ಫೋಟೊದ ದಾರಿ ಹಿಡಿದಿದ್ದರು. ಉಳಿದ ಮಗುವನ್ನು ಒಮ್ಮೆ ಚಾಪೆಯ ಎಡಗಡೆ, ಒಮ್ಮೆ ಬಲಗಡೆ ಕೂರಿಸಿ ಎರಡು ಸಲ ತೆಗೆಯುವುದು, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚು ಹಾಕುವುದು. ಚೌಕಟ್ಟಿನಲ್ಲಿ ಅವಳಿಗಳಿಬ್ಬರೂ ಅಕ್ಕಪಕ್ಕ ಕೂತಿರುತ್ತಾರೆ. ಪಾದ್ರಿ ಫೋಟೊದ ವಿಷಯದಲ್ಲಿ ಏನೂ ಹೇಳಿರಲಿಲ್ಲ. ಅವರ ಮನೆಯ ಗೋಡೆಯ ಮೇಲೂ ಫೋಟೊಗಳಿದ್ದವು.

ಈ ಕೆಲಸದಲ್ಲಿ ಸುತ್ತಲ ಏಳೂರಿಗೆ ಹೆಸರಾದವನು ಅವೆರೊಳ ಗಂಡ ಓಯೆಕಾನನೇ. ನಡುವೆ ಸೇರುವ ಗೆರೆ ಕೂದಲೆಳೆಯಷ್ಟೂ ಕಾಣದಂತೆ ಎರಡು ಚಿತ್ರ ಕೂಡಿಸುವ ಕೈ ಅವನದು. ಇಪ್ಪತ್ತು ಮೈಲಿಯಿಂದ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ನಾಳೆ ಕೂರಿಸ್ತೀಯೇನೋ ಮಗೂನ?" ಎಂದು ಅತ್ತೆ ರಾತ್ರಿಯೂಟಕ್ಕೆ ಕೂತಾಗ ಕೇಳಿದಳು.

"ಫೋಟೊ ತೊಳೆಯೋ ಔಷಧಿ ಮುಗಿದಿದೆ, ಇಬಾದಾನ್ ಪೇಟೆಯಿಂದ ಬರಬೇಕು" ಎಂದ ಓಯೆಕಾನ್.

ಆ ವಾರ ಔಷಧಿ ಬಂತು. ಆಗ ಧೂಳಿನಿಂದ ಬೆಳಕು ಮಂಕಾಗಿದೆ ಎಂದ. ಬೆಳಕು ಬಂದಾಗ ಕ್ಯಾಮೆರಾದ ಕರಿಬಟ್ಟೆ ಹರಿದಿತ್ತು. ಅವೆರೊ ಆ ರಾತ್ರಿಯೇ ಹೊಲಿದುಕೊಟ್ಟಳು. ಮಾರನೆಯ ದಿನ ಅವನಿಗೆ ಸೊಂಟ ಹಿಡಿದುಕೊಂಡಿತು.

"ಇವನ ಅಪ್ಪನೂ ಹೀಗೇ ಕಣಮ್ಮ" ಎಂದಳು ಅತ್ತೆ, ಮಗನಿಗೆ ಕೇಳುವ ಹಾಗೆಯೇ. "ಬೇಡ ಅನ್ನೋಕೆ ಧೈರ್ಯ ಇಲ್ದೋರಿಗೆ ಸೊಂಟ ಒಂದು ಆಸರೆ."

ಓಯೆಕಾನ್ ಕೈ ತೊಳೆದು ಎದ್ದುಹೋದ. ಅವನ ತಟ್ಟೆಯಲ್ಲಿ ಅರ್ಧ ಹಾಗೆಯೇ ಉಳಿದಿತ್ತು. ಊಟ ಬಿಡುತ್ತಿದ್ದದ್ದು ಮನೆಯಲ್ಲಿ ಕೆಹಿಂಡೆ ಒಬ್ಬಳೇ ಅಲ್ಲ, ಆದರೆ ದೊಡ್ಡವರು ಬಿಟ್ಟರೆ ಯಾರು ಎಣಿಸುತ್ತಾರೆ?

ಅವನ ಫೋಟೊ ಸ್ಟುಡಿಯೊ ಮನೆಯಿಂದ ಎರಡು ಓಣಿ ಆಚೆ, ಮಾರುಕಟ್ಟೆಯ ಬಾಯಲ್ಲಿತ್ತು. ಮುಂದಿನ ಶುಕ್ರವಾರ ಅವೆರೊ ಮಧ್ಯಾಹ್ನದ ಊಟ ಒಯ್ಯುವಾಗ ಕೆಹಿಂಡೆಯನ್ನೂ ಕರೆದುಕೊಂಡು ಹೋದಳು. ಒಳಗೆ ಒಬ್ಬ ಲಾರಿ ಡ್ರೈವರ್ ಚಿತ್ರಕ್ಕೆ ನಿಂತಿದ್ದ. ಹಿಂದೆ ವಿಮಾನದ ಮೆಟ್ಟಿಲು ಬರೆದ ಪರದೆ, ಕೈಯಲ್ಲಿ ಸ್ಟುಡಿಯೊದ್ದೇ ಗಡಿಯಾರ, ಪಕ್ಕದ ಮೇಜಿನ ಮೇಲೆ ಒಳಗೆ ಏನೂ ಇಲ್ಲದ ರೇಡಿಯೊ. ವಿಮಾನವನ್ನು ಅವನು ಜನ್ಮದಲ್ಲಿ ಹತ್ತಿರದಿಂದ ಕಂಡವನಲ್ಲ. ಊರಿನಲ್ಲಿರುವ ತಾಯಿಗೆ ಕಳಿಸುತ್ತಾನಂತೆ. ಅವಳು ನಂಬುತ್ತಾಳಾ ಎಂದು ಅವೆರೊ ನಗುತ್ತ ಕೇಳಿದಳು.

"ನಂಬೋಕಲ್ಲಕ್ಕ" ಎಂದ ಅವನು ಕತ್ತಿನ ಪಟ್ಟಿ ಸರಿಮಾಡಿಕೊಳ್ಳುತ್ತ. "ನಾಲ್ಕು ಜನಕ್ಕೆ ತೋರಿಸೋಕೆ. ನನ್ನ ಮುಖ ಅವಳ ಗೋಡೆ ಮೇಲಿದ್ರೆ ನಾನು ಅಲ್ಲಿದ್ದ ಹಾಗೆ."

ಓಯೆಕಾನ್ ಕರಿಬಟ್ಟೆಯೊಳಗಿಂದ ಅಲುಗಾಡಬೇಡ ಎಂದು ಗದರಿದ.

ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಗೋಡೆಗೆ ಎತ್ತರದಲ್ಲಿ ತೂಗುಹಾಕಿದ ಕನ್ನಡಿಯೊಂದಿತ್ತು. ಮನೆಯಲ್ಲಿ ಅಂಥದ್ದಿರಲಿಲ್ಲ. ಕೆಹಿಂಡೆ ಸ್ಟೂಲು ಎಳೆದು ಹತ್ತಿ ನಿಂತು, ಕನ್ನಡಿಗೆ ಮುಖ ಹಚ್ಚಿ ಏನೋ ಹೇಳುತ್ತಿದ್ದಳು. "ಬಾ. ಅಮ್ಮ ಅಕರಾ ಮಾಡಿದಾಳೆ, ಬಾ." ಮಗು ಎಷ್ಟೋ ದಿನದ ಮೇಲೆ ಆಟವಾಡುತ್ತಿದೆಯಲ್ಲ ಎಂದು ಅವೆರೊಗೆ ಸಮಾಧಾನವೇ ಆಯಿತು. ಅದರಾಚೆಗೆ ಅವಳು ಯೋಚಿಸಲಿಲ್ಲ.

ಹಿಂದಿರುಗುವಾಗ ಮಾರುಕಟ್ಟೆಯಲ್ಲಿ ಗೆಡ್ಡೆ ಮಾರುವ ಸಿದಿಕಾ ಕೂಗಿ ಕರೆದಳು. "ಅವಳಿಯಮ್ಮ, ಬಾ ಇಲ್ಲಿ." ಒಮ್ಮೆ ಅವಳಿ ಹೆತ್ತವಳಿಗೆ ಊರಿನಲ್ಲಿ ಸಾಯುವತನಕ ಅದೇ ಹೆಸರು. ಸಿದಿಕಾಳಿಗೂ ಅದೇ ಹೆಸರಿತ್ತು. ಅವಳ ಒಬ್ಬ ಮಗ ಒಂಬತ್ತು ವರ್ಷದ ಹಿಂದೆ ಲಾಗೋಸಿಗೆ ಹೋಗಿದ್ದ. ಓಯೆಕಾನ್ ಕೂಡಿಸಿಕೊಟ್ಟ ಚಿತ್ರ ಅವಳ ಅಂಗಡಿಯ ಕಂಬಕ್ಕೇ ನೇತಾಡುತ್ತಿತ್ತು. ಅದರಲ್ಲಿದ್ದವರು ಒಂದೇ ಅಂಗಿ ತೊಟ್ಟ ಇಬ್ಬರು ಗುಂಡುಮುಖದ ಹುಡುಗರು.

ಅವೆರೊ ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು. "ಅಕ್ಕ, ತಪ್ಪು ತಿಳೀಬೇಡ. ಎರಡೂ ಕಡೆ ಒಬ್ಬನೇ ಅಂತ ನಿಂಗೆ ಗೊತ್ತಲ್ವಾ?"

"ಹೆತ್ತೋಳು ನಾನು, ನಂಗೆ ಗೊತ್ತಿಲ್ದೆ ನಿನ್ ಗಂಡಂಗೆ ಗೊತ್ತಾ?" ಸಿದಿಕಾ ನಕ್ಕಳು. "ಎರಡರಲ್ಲೂ ಇರೋನು ನನ್ನ ಕೆಹಿಂಡೆನೇ."

"ಮತ್ತೆ ಯಾಕೆ?"

ಸಿದಿಕಾ ಒಂದು ಗೆಡ್ಡೆ ಎತ್ತಿಕೊಂಡು ಮಣ್ಣು ಕೆರೆದಳು. "ನೋಡು, ಹೋದೋನ ಮೇಲಿನ ಪ್ರೀತಿ ಹೋಗಲ್ಲ. ಅದನ್ನ ಎಲ್ಲಿ ಇಡೋದು? ಅಲ್ಲಿ ಇಲ್ಲಿ ಇಟ್ರೆ ಕಾಲಿಗೆ ತೊಡರ್ಕೊಳ್ಳುತ್ತೆ. ಇಲ್ಲಿ ಕಂಬದ ಮೇಲೆ ಇಟ್ಟಿದೀನಿ. ಬೆಳಿಗ್ಗೆ ಬಂದು ಧೂಳು ಒರೆಸ್ತೀನಿ, ಆಮೇಲೆ ಗೆಡ್ಡೆ ಮಾರ್ತೀನಿ."

ಅವಳು ಕೆಹಿಂಡೆಯ ಕೈಗೆ ಎರಡು ಕಬ್ಬಿನ ತುಂಡು ಕೊಟ್ಟಳು. ಅವಳಿಗಳಿಗೆ ಏನು ಕೊಟ್ಟರೂ ಎರಡು ಕೊಡಬೇಕು. ಕೆಹಿಂಡೆ ಎರಡನ್ನೂ ಮನೆಯವರೆಗೆ ಹಿಡಿದು ತಂದು ಟೈವೊಳ ತಟ್ಟೆಯಲ್ಲಿಟ್ಟಳು. ಭಾನುವಾರದ ಹೊತ್ತಿಗೆ ಅವು ಒಣಗಿ, ಇರುವೆ ಹತ್ತಿದ್ದವು.

ಆ ಭಾನುವಾರ ಚರ್ಚಿನಲ್ಲಿ ಹಾಡಿನ ನಡುವೆ ಕೆಹಿಂಡೆ ಕುಸಿದು ಬಿದ್ದಳು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳು. ಓಯೆಕಾನ್ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಮನೆಗೆ ಬಂದು ಮಗುವನ್ನು ಮಲಗಿಸಿದ ಮೇಲೆ ಅತ್ತೆ ಬೈಯಲಿಲ್ಲ. ಟೈವೊ ಕರೀತಾ ಇದ್ದಾಳೆ ಎಂದಷ್ಟೇ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಅವೆರೊ ಇಷ್ಟು ದಿನ ಗಂಡನಿಗೆ ಎದುರಾಡಿದವಳಲ್ಲ. ಅವತ್ತು ಒಲೆಯ ಮುಂದಿನಿಂದ ಎದ್ದು ಬಂದಳು.

"ಅವಳಿಯಪ್ಪ, ಊರಿನವರ ಮಕ್ಕಳನ್ನೆಲ್ಲ ತೆಗೆದಿದೀರಿ. ನಿಮ್ಮ ಮಕ್ಕಳದು ಒಂದೇ ಒಂದಿಲ್ಲ. ಹುಟ್ಟಿದಾಗ ನಾಳೆ, ಹಲ್ಲು ಬಂದಾಗ ನಾಳೆ. ನಾಲ್ಕು ತುಂಬಿದ ದಿನ ಇಬ್ಬರಿಗೂ ಜಡೆ ಹೆಣೆದು, ಹೊಸ ಲಂಗ ಹಾಕಿ ಕರ್ಕೊಂಡ್ ಬಂದೆ. ನೆನಪಿದ್ಯಾ?"

ನೆನಪಿತ್ತು. ಆ ದಿನ ಊರ ಮುಖಂಡರ ಮನೆಯವರು ಇಪ್ಪತ್ತೆರಡು ಜನ ಬಂದಿದ್ದರು. ಸ್ವಲ್ಪ ಕಾಯಿರಿ ಎಂದ ಓಯೆಕಾನ್ ಸಂಜೆಯವರೆಗೆ ಕ್ಯಾಮೆರಾ ಬಿಟ್ಟು ತಲೆಯೆತ್ತಲಿಲ್ಲ. ಮಕ್ಕಳು ಬೆಂಚಿನ ಮೇಲೆ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗಾಗಿತ್ತು ಅವನ ಮನೆಯ ಬಾಳು.

"ಅದಕ್ಕೇ ಆಗಲ್ಲ ಅಂತಿರೋದು" ಎಂದ ಓಯೆಕಾನ್. ಅವನ ದನಿ ಏರಲಿಲ್ಲ. "ಕತ್ತಲೆ ಕೋಣೇಲಿ ಕಾಗದಾನ ಔಷಧೀಲಿ ಅದ್ದಿದಾಗ ಮೊದಲು ಕಣ್ಣು ಮೂಡುತ್ತೆ. ಎರಡೂ ಕಡೆ ಒಂದೇ ಮಗೂ ಕಣ್ಣು. ಬೇರೆಯವರದಾದ್ರೆ ಕೆಲಸ ಅಂತ ಮಾಡ್ತೀನಿ. ಟೈವೊ ಇದ್ದಾಗ ನಾನು ತೆಗೀಲಿಲ್ಲ. ಈಗ ಅವಳು ಇಲ್ದಿರೋ ಚಿತ್ರಕ್ಕೆ ಅವಳ ಹೆಸರು ಹೇಗೆ ಬರೀಲಿ? ಅದು ಅವಳಲ್ಲ ಅಂತ ನಂಗೆ ದಿನಾ ಗೊತ್ತಾಗ್ತಿರುತ್ತೆ, ಅವೆರೊ."

ಗಂಡನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳು ಕೇಳಿರಲಿಲ್ಲ. ಅವನ ಮೇಲೆ ಕರುಣೆ ಉಕ್ಕಿತು. ಆದರೆ ಕರುಣೆಗೆ ಇದು ಹೊತ್ತಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ನಿಮ್ಮ ಸಂಕಟ ನಿಮಗಿರಲಿ. ಲಾಗೋಸಿಗೆ ಹೋಗಿದ್ದಾಳೆ ಅಂತ ಮಗೂಗೆ ಸುಳ್ಳು ಹೇಳಿದ್ದು ನಾವೆಲ್ಲ ಸೇರಿ. ಅದು ಬಸ್ ಕಾಯ್ತಾ ಕೂತಿದೆ. ಆ ಸುಳ್ಳಿಗೆ ಕೂರೋಕೆ ಒಂದು ಜಾಗ ಮಾಡ್ಕೊಡಿ. ಇಲ್ಲಾಂದ್ರೆ ನೀವೇ ಹೋಗಿ ಅವಳಿಗೆ ನಿಜ ಹೇಳಿ."

ಓಯೆಕಾನ್ ಒಳಗೆ ಹೋಗಿ ಮಲಗಿದ್ದ ಮಗಳ ಪಕ್ಕದಲ್ಲಿ ಕೂತ. ಬಹಳ ಹೊತ್ತು ಕೂತಿದ್ದ. ನಿಜ ಹೇಳಲು ಅವನಿಂದಾಗಲಿಲ್ಲ. ಹೊರಗೆ ಬಂದು, ಗುರುವಾರ ಬೆಳಿಗ್ಗೆ ಬೇಗ ಕರೆದುಕೊಂಡು ಬಾ, ಗಿರಾಕಿಗಳು ಬರುವ ಮೊದಲು ಮುಗಿಸೋಣ ಎಂದ.

ಗುರುವಾರ ಅವೆರೊ ಮಗಳಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ನಾಲ್ಕನೆಯ ಹುಟ್ಟುಹಬ್ಬದ ಲಂಗವನ್ನೇ ಹಾಕಿದಳು. ಮಗು ಸೊರಗಿದ್ದರಿಂದ ಅದು ಇನ್ನೂ ಆಗುತ್ತಿತ್ತು. ಸ್ಟುಡಿಯೊದಲ್ಲಿ ಓಯೆಕಾನ್ ವಿಮಾನದ ಪರದೆ ಸುತ್ತಿಟ್ಟು, ಬರೀ ಗೋಡೆಯ ಮುಂದೆ ಚಾಪೆ ಹಾಸಿದ್ದ. ಅವಳಿಗಳಲ್ಲಿ ಟೈವೊ ಯಾವಾಗಲೂ ಎಡಗಡೆ. ಅವನು ಎಡಗಡೆಯನ್ನು ತೋರಿಸಿದ.

ಕೆಹಿಂಡೆ ಹೋಗಲಿಲ್ಲ. "ಅದು ಟೈವೊ ಜಾಗ."

"ಟೈವೊಗೋಸ್ಕರ ಒಂದು ಗಳಿಗೆ ಕೂತ್ಕೋ ಮಗಳೇ" ಎಂದಳು ಅವೆರೊ.

ಆಗಲೂ ಅಪ್ಪನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆ ಹೋಗಿ ಚಾಪೆಯ ತುದಿಯಲ್ಲಿ ಕೂತಳು. ಓಯೆಕಾನ್ ಕರಿಬಟ್ಟೆಯೊಳಗೆ ತಲೆ ಹಾಕಿದ. ಅವನಿಗೆ ಅರ್ಧ ನಿಮಿಷ ಸಾಕಾಗುವ ಕೆಲಸ. ಅವೆರೊ ಕಾದಳು. ಬಟ್ಟೆ ಒಂದೆರಡು ಸಲ ನಡುಗಿತು. ಕೊನೆಗೆ ಅವನು ಹೊರಗೆ ಬಂದಾಗ ಮುಖ ಪೂರಾ ಒದ್ದೆಯಾಗಿತ್ತು. ಒಳಗೆ ಸೆಕೆ ಎಂದ. ಅವೆರೊ ಹೌದು ಎಂದಳು. ಆಮೇಲೆ ಬಲಗಡೆಯ ಚಿತ್ರ. ಅಲ್ಲಿಗೆ ಹೋಗಲು ಕೆಹಿಂಡೆಗೆ ಯಾರೂ ಹೇಳಬೇಕಾಗಲಿಲ್ಲ. ತಾನಾಗಿ ಸರಿದು ತನ್ನ ಜಾಗದಲ್ಲಿ ಕಾಲು ಮಡಚಿ ಕೂತಳು.

ಶನಿವಾರ ಮಧ್ಯಾಹ್ನ ಅತ್ತೆ ತಾಳೆ ಎಣ್ಣೆ ಹಾಕಿ ಅಲಸಂದೆ ಬೇಯಿಸಿದಳು. ಅವಳಿಗಳಿಗೆ ಪ್ರಿಯವಾದ ಅಡುಗೆ ಅದು. ಎರಡು ತಟ್ಟೆ ಇಟ್ಟಳು. ನಾಲ್ಕು ಗಂಟೆಯ ಹೊತ್ತಿಗೆ ಓಯೆಕಾನ್ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಚೌಕಟ್ಟು ಹಿಡಿದು ಬಂದ. ಅದು ಅವನ ಕೈಯಿಂದ ಬಂದದ್ದರಲ್ಲೆಲ್ಲ ಒಳ್ಳೆಯ ಕೆಲಸ. ನಡುವಿನ ಗೆರೆಯನ್ನು ಅವೆರೊ ಹುಡುಕಿದರೂ ಸಿಗಲಿಲ್ಲ. ಇಬ್ಬರು ಹುಡುಗಿಯರು ಒಂದೇ ಚಾಪೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅತ್ತೆ ಚೌಕಟ್ಟನ್ನು ಟೈವೊಳ ತಟ್ಟೆಯ ಹಿಂದೆ ಗೋಡೆಗೆ ಒರಗಿಸಿ, ಕೆಹಿಂಡೆಯನ್ನು ಕರೆದಳು. "ನೋಡಮ್ಮ. ಎಡಗಡೆ ಟೈವೊ, ಬಲಗಡೆ ಕೆಹಿಂಡೆ. ಬಂದ್ಲಲ್ಲ ನಿನ್ನ ಟೈವೊ."

ಕೆಹಿಂಡೆ ಮಂಡಿಯೂರಿ ಕೂತು ನೋಡಿದಳು. ಅವಳ ಮುಖ ಅರಳಿತು. ತಿಂಗಳ ಮೇಲೆ ಆ ಮುಖದಲ್ಲಿ ನಗೆ ಕಂಡು ಮೂವರು ದೊಡ್ಡವರೂ ಉಸಿರು ಬಿಟ್ಟರು. ಅವಳು ಎಡಗಡೆಯ ಮುಖವನ್ನು ಬೆರಳಿನಿಂದ ಮುಟ್ಟಿ "ಟೈವೊ" ಎಂದಳು. ಬಲಗಡೆಯದನ್ನು ಮುಟ್ಟಿ, ಹುಬ್ಬು ಗಂಟಿಕ್ಕಿಕೊಂಡು, ಅದಕ್ಕೂ "ಟೈವೊ" ಎಂದಳು. ಆಮೇಲೆ ಚೌಕಟ್ಟನ್ನು ಎತ್ತಿ ಹಿಂದೆ ತಿರುಗಿಸಿ ನೋಡಿದಳು. ಅಲ್ಲಿ ರಟ್ಟು ಬಿಟ್ಟರೆ ಏನೂ ಇರಲಿಲ್ಲ.

"ಇಬ್ಬರೂ ಟೈವೊನೇ. ನಾನೆಲ್ಲಿ?"

ಅತ್ತೆ, ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದವಳು, ಸೊಸೆಯ ಮುಖ ನೋಡಿದಳು. ಅವೆರೊಗೆ ಸ್ಟುಡಿಯೊದ ಕನ್ನಡಿ ನೆನಪಾಯಿತು. ಹುಟ್ಟಿದಾಗಿನಿಂದ ಈ ಮಗು ಕಣ್ಣು ಬಿಟ್ಟಾಗಲೆಲ್ಲ ಎದುರಿಗೆ ಕಂಡದ್ದು ಟೈವೊಳ ಮುಖ. ತನಗೂ ಒಂದು ಮುಖವಿದೆ, ಅದೂ ಹೀಗೆಯೇ ಇದೆ ಎಂದು ಅವಳಿಗೆ ಹೇಳಿದವರು ಯಾರು? ಅವಳು ಕನ್ನಡಿಯಲ್ಲಿ ಕರೆದದ್ದು ಆಟಕ್ಕಲ್ಲ.

ಟೈವೊ ಇಲ್ಲದ ಚಿತ್ರಕ್ಕೆ ಅವಳ ಹೆಸರು ಹೇಗೆ ಬರೆಯಲಿ ಎಂದಿದ್ದ ಓಯೆಕಾನ್ ಗೋಡೆ ಹಿಡಿದುಕೊಂಡು ಮೆಲ್ಲನೆ ಮಗಳ ಪಕ್ಕ ಕುಕ್ಕರಿಸಿದ. ಚಿತ್ರವನ್ನು ಅವನು ಮತ್ತೊಮ್ಮೆ, ಈಗ ತಾನೇ ಕಂಡವನಂತೆ ನೋಡಿದ.

"ಹೌದಲ್ವಾ" ಎಂದ. "ಇಬ್ಬರೂ ಟೈವೊನೇ. ನಿಂದು ಇನ್ನೂ ತೆಗೆದಿಲ್ಲ ಮಗಳೇ."

ಕೆಹಿಂಡೆಗೆ ಅದು ಸರಿಯೆನಿಸಿತು. ತಟ್ಟೆಯಿಂದ ನಾಲ್ಕು ಅಲಸಂದೆ ಕಾಳು ತೆಗೆದು ಗಾಜಿನ ಮೇಲೆ ಎಡಗಡೆಯ ಬಾಯಿಗೆ ಒತ್ತಿದಳು, ಮತ್ತೆ ನಾಲ್ಕನ್ನು ಬಲಗಡೆಯ ಬಾಯಿಗೆ. ಕೆಂಪು ಎಣ್ಣೆ ಇಳಿದು ಚೌಕಟ್ಟಿನ ಅಂಚಿಗೆ ಬಂತು. ಅವಳು ಕಿವಿ ಹತ್ತಿರ ತಂದು ಕೇಳಿಸಿಕೊಂಡಳು, ಆಮೇಲೆ ಅಮ್ಮನ ಕಡೆ ತಿರುಗಿ ಕಾದಳು.

ಏನು ಹೇಳಬೇಕೆಂದು ಅವೆರೊಗೆ ಗೊತ್ತಿತ್ತು. "ಚೆನ್ನಾಗಿದೆಯಂತೆ" ಎಂದಳು. ಅಷ್ಟಕ್ಕೇ ನಿಲ್ಲಿಸಲು ಭಯವಾಗಿ ಸೇರಿಸಿದಳು, "ನೀನು ಇಲ್ಲೇ ಇದ್ದು ತಿನ್ನಬೇಕಂತೆ."

ಕೆಹಿಂಡೆ ತಿಂದಳು. ತನ್ನ ತಟ್ಟೆಯದನ್ನು ಮುಗಿಸಿ, ಟೈವೊಳ ತಟ್ಟೆಯದರಲ್ಲೂ ಅರ್ಧ ತಿಂದಳು. ಅತ್ತೆ ಹೊಟ್ಟೆ ನೋಯಿಸಿಕೊಳ್ತೀಯ ನಿಧಾನ ಎಂದು ಬೈಯುತ್ತ, ಬೈಯುತ್ತಲೇ ಇನ್ನೊಂದು ಸೌಟು ಹಾಕಿದಳು. ಅವೆರೊ ಅಳುತ್ತಿದ್ದಳು, ಈ ಸಲ ಮರೆಮಾಡಲಿಲ್ಲ.

ಬಾಯಿ ಒರೆಸಿಕೊಂಡು ಕೆಹಿಂಡೆ ಕೇಳಿದಳು, "ಅಪ್ಪ, ನಂದು ಯಾವಾಗ ತೆಗೀತೀಯ?"

ಓಯೆಕಾನ್ ಬಾಗಿಲಾಚೆ ನೋಡಿದ. ಅಂಗಳದಲ್ಲಿ ನೆರಳು ಉದ್ದವಾಗಿತ್ತು. ಇಂಥ ಬೆಳಕಿನಲ್ಲಿ ಅವನು ಗಿರಾಕಿಗಳನ್ನು ಕೂರಿಸುತ್ತಿರಲಿಲ್ಲ. ಐದು ವರ್ಷಗಳಿಂದ ಈ ಮನೆಯಲ್ಲಿ ಅವನು ಹೇಳುತ್ತ ಬಂದ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಅವೆರೊ ಕಂಡಳು. ಅವನು ಅದನ್ನು ನುಂಗಿಕೊಂಡು, ಎದ್ದು, ಮೊಳೆಯಿಂದ ಸ್ಟುಡಿಯೊದ ಬೀಗದ ಕೈ ತೆಗೆದುಕೊಂಡ.

"ನಡಿ" ಎಂದ.

ಅಪ್ಪ, ಅಮ್ಮ, ಮಗಳು ಮೂವರೂ ಓಣಿಯಲ್ಲಿ ಬೇಗಬೇಗ ನಡೆದರು. ಅವೆರೊ ಬಾಗಿಲುಗಳನ್ನೆಲ್ಲ ಪೂರಾ ತೆರೆದಿಟ್ಟಳು, ಇದ್ದಷ್ಟು ಬೆಳಕು ಒಳಗೆ ಬರಲಿ ಎಂದು. ಕೆಹಿಂಡೆ ಎಣ್ಣೆಯ ಕಲೆಯಾದ ಲಂಗದಲ್ಲೇ ಹೋಗಿ ಚಾಪೆಯ ಬಲತುದಿಯಲ್ಲಿ ಕಾಲು ಮಡಚಿ ಕೂತಳು. ಅವಳ ಎಡಗಡೆ ಅರ್ಧ ಚಾಪೆ ಖಾಲಿಯಿತ್ತು. ಒಬ್ಬರೇ ಕೂತಾಗ ನಡುವಿನಲ್ಲಿ ಕೂರಬೇಕು ಎನ್ನುವುದು ಓಯೆಕಾನ್ ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು.

ಅವನು ಕರಿಬಟ್ಟೆಯೊಳಗೆ ತಲೆ ಹಾಕಿದ. ನಡುವಿಗೆ ಬಾ ಎಂದು ಹೇಳಲಿಲ್ಲ.